ಸ್ವಹಸ್ತದ ಶುಭಾಶಯ ಪತ್ರ

ಉತ್ತರ ಕರ್ನಾಟಕದ ಮನೆಗಳಲ್ಲಿ, ಮಕ್ಕಳು ಉದ್ಯೋಗನಿಮಿತ್ತವಾಗಿ ದೂರದ ಊರುಗಳಿಗೆ ಹೋಗಿ ನೆಲಸತೊಡಗಿದ ಮೇಲೆ, ವಿಜಯದಶಮಿಯಂದು ಹಿರಿಯರ ಕೈಗೆ ಬನ್ನಿ ಕೊಟ್ಟು ನಮಸ್ಕರಿಸಲಾರದವರು ಪತ್ರದ ಮಡಿಕೆಯಲ್ಲಿ ನಾಲ್ಕು ಬನ್ನಿಯ ಎಲೆಗಳನ್ನಿರಿಸಿ ಅಂಚೆಗೆ ಹಾಕುವ, ಸಂಕ್ರಮಣದ ಹೊತ್ತಿಗೆ ಚಿಟಿಕೆಯಷ್ಟು ಕುಸುರೆಳ್ಳನ್ನು ಪುಟ್ಟ ಪೊಟ್ಟಣ ಕಟ್ಟಿ ಲಕೋಟೆಯೊಳಗೆ ಸೇರಿಸುವ ಪದ್ಧತಿಯೊಂದು ಬೆಳೆದು ಬಂದಿತು. ಲಗ್ನಪತ್ರಿಕೆ ಎಷ್ಟೇ ಬೆಲೆಯುಳ್ಳ ಕಾಗದದ ಮೇಲೆ ಅಚ್ಚಾಗಿ ಬಂದಿದ್ದರೂ, ಅದರ ನಾಲ್ಕು ಮೂಲೆಗಳಿಗೆ ಮನೆಯವರು ಅರಿಸಿನ ಕುಂಕುಮಗಳನ್ನು ಹಚ್ಚಿದ ಹೊರತು ಅದು ಕರೆಯೋಲೆ ಎನಿಸದೆಂಬ ಭಾವನೆ ಇಂದಿಗೂ ನಮ್ಮಲ್ಲಿ ಉಳಿದಿದೆ. ಇವನ್ನು ಕಲೆಯೆಂದು ಕರೆದವರಿಲ್ಲ, ಹವ್ಯಾಸವೆಂದು ಎಣಿಸಿದವರೂ ಇಲ್ಲ. ಆದರೆ ಶುಭಾಶಯ ಪತ್ರಗಳನ್ನು ಅಂಗಡಿಯಲ್ಲಿ ಕೊಳ್ಳದೆ ಕೈಯಾರೆ ರಚಿಸುವ ಪ್ರವೃತ್ತಿ ಅನೇಕ ದೇಶಗಳಲ್ಲಿ ಒಂದು ಸೃಜನಾತ್ಮಕ ಹವ್ಯಾಸವಾಗಿ ಬೇರೂರಿ, ತನ್ನದೇ ಆದ ಸಾಮಗ್ರಿಗಳನ್ನೂ ವಿಧಾನಗಳನ್ನೂ ವಾದವಿವಾದಗಳನ್ನೂ ಬೆಳೆಸಿಕೊಂಡಿರುವ ಈ ಕಾಲದಲ್ಲಿ, ಅದರ ಸಮಗ್ರ ಸ್ವರೂಪವನ್ನು ಪರಾಮರ್ಶಿಸಲು ಹೊರಟವನಿಗೆ ಈ ಎಲೆ, ಈ ಎಳ್ಳು, ಈ ಅರಿಸಿನದ ಬೆರಳಗುರುತುಗಳೇ ತಕ್ಕ ಪ್ರಸ್ತಾವನೆಯಾಗಬಲ್ಲವು.

ಪಾಶ್ಚಾತ್ಯ ದೇಶಗಳಲ್ಲಿ ಈ ಕಲೆಯ ಮೂಲವನ್ನು ಅರಸುತ್ತ ಹೋದರೆ ನಾವು ಮುಟ್ಟುವುದು ಖಾಸಗಿ ಪತ್ರವನ್ನು. ಮುದ್ರಣಾಲಯ ಬಹಳ ತಡವಾಗಿ ಬಂದದ್ದು. 1477ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ಮಾರ್ಜರಿ ಬ್ರೂಸ್ ಎಂಬ ಕನ್ಯೆ ತನ್ನನ್ನು ವರಿಸಲಿದ್ದ ಜಾನ್ ಪಾಸ್ಟನ್ನನಿಗೆ ಬರೆಯಿಸಿದ ಪತ್ರ, ಇಂಗ್ಲಿಷ್ ಭಾಷೆಯಲ್ಲಿ ಉಳಿದು ಬಂದಿರುವ ಅತ್ಯಂತ ಪ್ರಾಚೀನವಾದ ವ್ಯಾಲೆಂಟೈನ್ ಪತ್ರವೆಂದು ಪ್ರಸಿದ್ಧವಾಗಿ, ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ವರದಕ್ಷಿಣೆಯ ಮೊತ್ತದ ವಿಷಯದಲ್ಲಿ ಹಿರಿಯರು ಹಟ ಹಿಡಿದು ಸಂಬಂಧವೇ ಮುರಿದುಬೀಳುವಂತಿದ್ದಾಗ ಹೋದ ಪತ್ರವದು, ವಿವಾಹವು ನಡೆಯಿತು. ಹದಿನೆಂಟನೆಯ ಶತಮಾನದ ಹೊತ್ತಿಗೆ ಅಲ್ಲಿನ ಜನ ಕಾಗದವನ್ನು ಹಲವು ಮಡಿಕೆಗಳಾಗಿ ಮಡಿಸಿ, ಮಡಿಕೆ ಬಿಚ್ಚಿದಂತೆಲ್ಲ ಒಂದೊಂದು ಚಿತ್ರವೋ ಒಂದೊಂದು ಚರಣವೋ ಕಾಣಿಸುವಂತೆ ಪತ್ರಗಳನ್ನು ರಚಿಸುತ್ತಿದ್ದರು. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ನೆಲಸಿದ್ದ ಜರ್ಮನ್ ಜನರು ಮಡಿಸಿದ ಕಾಗದವನ್ನು ಸಣ್ಣ ಕತ್ತರಿಯಿಂದ ಕೊರೆದು, ಬಿಚ್ಚಿದಾಗ ಎರಡೂ ಪಕ್ಕ ಸಮನಾಗಿ ಮೂಡುವ ಹಕ್ಕಿ ಬಳ್ಳಿಗಳ ಜಾಲವನ್ನು ತೆಗೆದು ಪ್ರೇಮಪತ್ರಗಳಿಗೆ ಅಲಂಕಾರ ಮಾಡಿದರು. ಇವರಾರಿಗೂ ತಾವು ಕಲಾವಿದರೆಂಬ ಭಾವನೆಯಿರಲಿಲ್ಲ.

ಈ ಗೃಹಕಲೆಗೆ ವ್ಯಾಪಾರವು ಬಂದು ಸೇರಿದುದು ಅಂಚೆಯ ಮೂಲಕ. 1840ರಲ್ಲಿ ರೋಲೆಂಡ್ ಹಿಲ್ಲನ ಯೋಜನೆಯಂತೆ ಬ್ರಿಟನ್ನಿನಲ್ಲಿ ದೇಶದ ಯಾವ ಮೂಲೆಗಾದರೂ ಒಂದು ಪೆನ್ನಿಯ ದರದಲ್ಲಿ ಪತ್ರ ಮುಟ್ಟಿಸುವ ವ್ಯವಸ್ಥೆ ಜಾರಿಗೆ ಬಂದಿತು. ಆ ಸುಧಾರಣೆಗಾಗಿ ದುಡಿದವರಲ್ಲೊಬ್ಬನೂ, ಮುಂದೆ ಸೌತ್ ಕೆನ್ಸಿಂಗ್ಟನ್ನಿನ ವಸ್ತುಸಂಗ್ರಹಾಲಯದ ಮೊದಲ ನಿರ್ದೇಶಕನೂ ಆದ ಹೆನ್ರಿ ಕೋಲ್ ಎಂಬಾತ 1843ರ ಕ್ರಿಸ್ಮಸ್ಸಿಗೆ, ಎಲ್ಲರಿಗೂ ಬೇರೆಬೇರೆಯಾಗಿ ಪತ್ರ ಬರೆಯಲು ಬಿಡುವಿಲ್ಲದುದರಿಂದ, ತನ್ನ ಮಿತ್ರನಾದ ಚಿತ್ರಕಾರ ಜಾನ್ ಕ್ಯಾಲ್ಕಾಟ್ ಹಾರ್ಸ್ಲಿಯಿಂದ ಒಂದು ಚಿತ್ರವನ್ನು ಬರೆಯಿಸಿ ಕಲ್ಲಚ್ಚಿನಲ್ಲಿ ಮುದ್ರಿಸಿದನು. ನಡುವೆ ಮೂರು ತಲೆಮಾರಿನ ಕುಟುಂಬವೊಂದು ಪಾನಪಾತ್ರೆ ಎತ್ತಿ ಹಾರೈಸುತ್ತಿರುವ ದೃಶ್ಯ, ಒಂದು ಪಕ್ಕದಲ್ಲಿ ಹಸಿದವರಿಗೆ ಅನ್ನದಾನ, ಇನ್ನೊಂದು ಪಕ್ಕದಲ್ಲಿ ಬಡವರಿಗೆ ವಸ್ತ್ರದಾನ. ಪುಟ್ಟ ಮಗುವಿಗೂ ದ್ರಾಕ್ಷಾರಸ ಕುಡಿಸುತ್ತಿರುವಂತೆ ಚಿತ್ರಿಸಿದ್ದಾರೆಂದು ಪಾನವಿರೋಧಿಗಳು ಆಕ್ಷೇಪಿಸಿದರು. ನಮ್ಮ ವಿಷಯಕ್ಕೆ ಮುಖ್ಯವಾದ ಸಂಗತಿ ಬೇರೆಯಿದೆ: ಮುದ್ರಿತವಾದ ಆ ಪ್ರಥಮ ಕ್ರಿಸ್ಮಸ್ ಪತ್ರಕ್ಕೂ ಬಣ್ಣವನ್ನು ತುಂಬಿದುದು ಕೈಯಿಂದಲೇ, ಉಳಿದ ಪ್ರತಿಗಳ ಮಾರಾಟದ ಬೆಲೆಯೋ ಒಂದು ಷಿಲಿಂಗ್, ಅಂದರೆ ಅಂಚೆಯ ವೆಚ್ಚದ ಹನ್ನೆರಡರಷ್ಟು.

ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿ ಇದಕ್ಕಿಂತ ವಿಚಾರಾರ್ಹವಾದ ಪ್ರಸಂಗವೊಂದು ನಡೆಯಿತು. ಮೌಂಟ್ ಹೋಲ್ಯೋಕ್ ವಿದ್ಯಾಲಯದಲ್ಲಿ 1847ರಲ್ಲಿ ವ್ಯಾಸಂಗ ಮುಗಿಸಿ ಮ್ಯಾಸಚೂಸೆಟ್ಸಿನ ವೂಸ್ಟರ್ ಪಟ್ಟಣಕ್ಕೆ ಮರಳಿದ ಎಸ್ತರ್ ಹೌಲೆಂಡ್ ಎಂಬ ತರುಣಿಗೆ, ಕಾಗದದ ಕಸೂತಿಯಿಂದ ಸಿಂಗರಿಸಿದ ಇಂಗ್ಲಿಷ್ ವ್ಯಾಲೆಂಟೈನ್ ಪತ್ರವೊಂದು ಕೈಸೇರಿತು. ಇದಕ್ಕಿಂತ ಚೆನ್ನಾಗಿ ತಾನೇ ಮಾಡಬಲ್ಲೆನೆಂಬ ವಿಶ್ವಾಸದಿಂದ ಆಕೆ, ಕಾಗದ ಪುಸ್ತಕಗಳ ವ್ಯಾಪಾರಿಯಾಗಿದ್ದ ತಂದೆಯ ಮೂಲಕ ಜಾಲಂಧ್ರದ ಕಾಗದವನ್ನೂ ಬಣ್ಣದ ಹಾಳೆಗಳನ್ನೂ ತರಿಸಿ ಕೆಲವು ಮಾದರಿಗಳನ್ನು ರಚಿಸಿದಳು. ಮಾರಾಟಕ್ಕೆ ಊರೂರು ತಿರುಗುತ್ತಿದ್ದ ಸಹೋದರನ ಕೈಯಲ್ಲಿ ಅವನ್ನು ಕಳುಹಿಸಿದಾಗ, ನಿರೀಕ್ಷೆಗೆ ಎಷ್ಟೋ ಮಡಿ ಮೀರಿದ ಬೇಡಿಕೆ ಬಂದಿತು. ಮನೆಯ ಮಹಡಿಯಲ್ಲಿ ಗೆಳತಿಯರನ್ನು ಕೂರಿಸಿ, ಒಬ್ಬಳು ಚಿತ್ರಗಳನ್ನು ಕತ್ತರಿಸುವುದು, ಇನ್ನೊಬ್ಬಳು ಹಿನ್ನೆಲೆ ಅಂಟಿಸುವುದು, ಮತ್ತೊಬ್ಬಳು ಅದರ ಮೇಲೆ ಕಸೂತಿ ಕಾಗದವನ್ನು ಕೂರಿಸುವುದು, ಹೀಗೆ ಕೆಲಸವನ್ನು ಹಂಚಿಕೊಟ್ಟು ಆಕೆ ನಡೆಸಿದ ಉದ್ಯಮ ಮೂರು ದಶಕಗಳಷ್ಟು ಕಾಲ ಬಾಳಿತು. 1881ರಲ್ಲಿ ರೋಗಿಯಾದ ತಂದೆಯ ಶುಶ್ರೂಷೆಗಾಗಿ ಅದನ್ನು ಜಾರ್ಜ್ ವಿಟ್ನಿಗೆ ಮಾರಿದಳು. ಕಸೂತಿ ಕಾಗದದ ಹಿಂದೆ ಬಣ್ಣದ ತುಣುಕನ್ನಿಟ್ಟು ವಿನ್ಯಾಸ ಎದ್ದು ಕಾಣುವಂತೆ ಮಾಡುವ, ಮಡಿಕೆ ಮಡಿಕೆಯಾದ ಕಾಗದದ ಸ್ಪ್ರಿಂಗಿನಿಂದ ಮೇಲಿನ ಪದರವನ್ನು ಎತ್ತಿ ನಿಲ್ಲಿಸುವ ಆಕೆಯ ಉಪಾಯಗಳು ಇಂದಿನ ಹವ್ಯಾಸಿಗಳ ಮೇಜಿನ ಮೇಲೆಯೂ ಕಾಣಸಿಗುತ್ತವೆ.

ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಸ್ವಹಸ್ತದ ಪತ್ರವನ್ನು ಕುರಿತ ಚರ್ಚೆಗಳಲ್ಲೆಲ್ಲ ತಲೆದೋರುವ ಒಂದು ಗೊಂದಲ ಪರಿಹಾರವಾಗುತ್ತದೆಂದು ನಾನು ಭಾವಿಸುತ್ತೇನೆ. ಹೌಲೆಂಡಳ ಪತ್ರಗಳ ಪ್ರತಿಯೊಂದು ತುಣುಕೂ ಮನುಷ್ಯರ ಬೆರಳುಗಳಿಂದಲೇ ಕೂಡಿಸಲ್ಪಟ್ಟಿತು. ಆದರೂ ಅದನ್ನು ಮಾಡುತ್ತಿದ್ದ ಹೆಣ್ಣುಮಗಳಿಗೆ ಅದು ಯಾರ ಕೈ ಸೇರುವುದೆಂಬುದು ಗೊತ್ತಿರಲಿಲ್ಲ. ಆದುದರಿಂದ ಕೈಯಿಂದ ಮಾಡಿದ್ದೆಂಬುದೊಂದೇ ಈ ಹವ್ಯಾಸದ ಲಕ್ಷಣವಾಗಲಾರದು. ಇತರ ಹಸ್ತಕಲೆಗಳಿಂದ ಇದನ್ನು ಪ್ರತ್ಯೇಕಿಸುವ ಧರ್ಮವೆಂದರೆ, ರಚನೆಗೆ ತೊಡಗುವ ಮುನ್ನವೇ ಪಡೆಯುವವನ ಮುಖ ರಚಯಿತನ ಮನಸ್ಸಿನಲ್ಲಿರುವುದು, ಆ ಮುಖವೇ ಬಣ್ಣವನ್ನೂ ಗಾತ್ರವನ್ನೂ ಚಿತ್ರವನ್ನೂ ನಿರ್ಣಯಿಸುವುದು. ಕುಂಬಾರನು ಮಡಕೆಯನ್ನು ಸಂತೆಗೆಂದು ಮಾಡಿದರೂ ಅದರ ಗುಣಕ್ಕೆ ಕೊರತೆಯಿಲ್ಲ. ವಿಳಾಸವಿಲ್ಲದ ಶುಭಾಶಯ ಪತ್ರ ಮಾತ್ರ, ಎಷ್ಟು ಸುಂದರವಾಗಿದ್ದರೂ, ಅರ್ಧ ಮುಗಿದ ವಸ್ತು.

ಪಡೆಯುವವರ ಮುಖವೇ ಪತ್ರವನ್ನು ರೂಪಿಸುವುದೆಂಬುದಕ್ಕೆ ಉಜ್ಜ್ವಲವಾದ ನಿದರ್ಶನ ಜರ್ಮನಿಯ ಚಿತ್ರಕಾರ ಫ್ರಾಂಟ್ಸ್ ಮಾರ್ಕನದು. ಬಡತನದಲ್ಲಿಯೂ ಮನಃಕ್ಲೇಶದಲ್ಲಿಯೂ ಇದ್ದ ಕವಯಿತ್ರಿ ಎಲ್ಸೆ ಲಾಸ್ಕರ್-ಷ್ಯೂಲರಳಿಗೆ ಆತ 1913ರ ಹೊಸ ವರ್ಷದ ಶುಭಾಶಯವಾಗಿ, ಅಂಚೆಯ ಕಾರ್ಡಿನಷ್ಟೇ ಅಗಲದ ರಟ್ಟಿನ ಮೇಲೆ, ಒಂದರ ಹಿಂದೊಂದು ಏರಿ ನಿಂತ ನೀಲಿ ಕುದುರೆಗಳ ಚಿತ್ರವನ್ನು ಬರೆದು ಕಳುಹಿಸಿದನು. ಆಕೆಯ ಕಾವ್ಯದಲ್ಲಿ ಬರುವ ಅರ್ಧಚಂದ್ರ ನಕ್ಷತ್ರಗಳ ಲಾಂಛನಗಳನ್ನು ಕುದುರೆಯ ಮೈಮೇಲೆ ಮೂಡಿಸಿದುದು ಆಕೆಗೆಂದೇ. ಅದೇ ವರ್ಷ ಆತ ಅದೇ ಕಲ್ಪನೆಯನ್ನು ಆಳೆತ್ತರದ ಚಿತ್ರವಾಗಿ ಬರೆದನು. ಅದು ಬಹು ಖ್ಯಾತಿಯನ್ನೂ ಪಡೆಯಿತು. ಮಾರ್ಕನು 1916ರಲ್ಲಿ ವೆರ್ಡನ್ ರಣರಂಗದಲ್ಲಿ ಮಡಿದನು. ದೊಡ್ಡ ಚಿತ್ರ 1945ರಿಂದ ಈಚೆಗೆ ಕಣ್ಮರೆಯಾಗಿದೆ. ಗೆಳತಿಗೆ ಕಳುಹಿಸಿದ ಅಂಗೈಯಗಲದ ಪತ್ರ ಮಾತ್ರ ಮ್ಯೂನಿಕ್ಕಿನ ಸಂಗ್ರಹದಲ್ಲಿ ಕ್ಷೇಮವಾಗಿದೆ. ನಮ್ಮಲ್ಲಿ ಶಾಂತಿನಿಕೇತನದ ಚಿತ್ರಕಾರ ನಂದಲಾಲ ಬಸು ಅವರು ಶಿಷ್ಯರಿಗೂ ಮಿತ್ರರಿಗೂ ಸಾಧಾರಣ ಕಾರ್ಡುಗಳ ಮೇಲೆ ಕುಂಚದ ನಾಲ್ಕು ಎಳೆತಗಳಿಂದ ಮರವನ್ನೋ ಮೇಕೆಯನ್ನೋ ಹಾದಿಹೋಕನನ್ನೋ ಬರೆದು ಕಳುಹಿಸುತ್ತಿದ್ದುದು ಪ್ರಸಿದ್ಧವಾಗಿದೆ. ಮಾರ್ಕನು ಮಡಿದ ಆ ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಸ್ತ್ರೀಯರು ತೆಳುವಾದ ರೇಷ್ಮೆಯ ಪಟ್ಟಿಗಳ ಮೇಲೆ ಹೂವು, ಧ್ವಜ, ಸೇನಾಲಾಂಛನಗಳನ್ನು ಸೂಜಿಯಿಂದ ಮೂಡಿಸಿ, ಕತ್ತರಿಸಿ, ರಟ್ಟಿನ ಚೌಕಟ್ಟಿಗೆ ಕೂರಿಸಿದ ಕಾರ್ಡುಗಳನ್ನು ಸೈನಿಕರು ಕೊಂಡು ಮನೆಗಳಿಗೆ ಕಳುಹಿಸುತ್ತಿದ್ದರು. ಕೊಂಡದ್ದೆಂಬ ಕಾರಣಕ್ಕೆ ಅವನ್ನು ಕೀಳಾಗಿ ಕಾಣಲು ನನಗೆ ಮನಸ್ಸು ಬಾರದು. ಕಂದಕದ ಕೆಸರಿನಲ್ಲಿದ್ದವನು ತಾಯಿಗಾಗಿ ಆರಿಸಿದ ಕಾರ್ಡು ಆ ಆಯ್ಕೆಯಿಂದಲೇ ಅವನದಾಯಿತು.

ಒಂದು ಇಡೀ ಜನಾಂಗವೇ ಈ ಕಲೆಯನ್ನು ವರ್ಷಕ್ಕೊಮ್ಮೆ ಕೈಗೆತ್ತಿಕೊಳ್ಳುವ ದೇಶವೆಂದರೆ ಜಪಾನ್. ಅಲ್ಲಿ 1873ರಲ್ಲಿ ಅಂಚೆಯ ಕಾರ್ಡು ಬಂದ ಮೇಲೆ ನೂತನ ವರ್ಷದ ಶುಭಾಶಯ ಪತ್ರ, ಅವರು ನೆಂಗಾಜೋ ಎಂದು ಕರೆಯುವುದು, ಮನೆಮನೆಯ ಆಚಾರವಾಯಿತು. ಡಿಸೆಂಬರಿನಲ್ಲಿ ಹಾಕಿದ ಪತ್ರಗಳನ್ನು ಅಂಚೆಯವರು ಕೂಡಿಟ್ಟು, ಜನವರಿಯ ಮೊದಲನೆಯ ದಿನ ಬೆಳಿಗ್ಗೆ ಕಂತೆಕಂತೆಯಾಗಿ ತಂದು ಕೊಡುವರು. ಈ ಶತಮಾನದ ಆರಂಭದಲ್ಲಿ ಒಂದೊಂದು ಹೊಸವರ್ಷಕ್ಕೂ ಹೊರಡಿಸುತ್ತಿದ್ದ ಇಂಥ ಕಾರ್ಡುಗಳು 400 ಕೋಟಿಯನ್ನು ಮೀರಿದ್ದವು. ಈಗ ಆ ಪ್ರಮಾಣ ಬಹಳ ಇಳಿದಿದೆ. ಇಷ್ಟು ಪತ್ರಗಳನ್ನು ಒಂದೊಂದಾಗಿ ಚಿತ್ರಿಸುವುದು ಯಾವ ಗೃಹಸ್ಥನಿಗೂ ಸಾಧ್ಯವಲ್ಲದ್ದರಿಂದ, ಅವರು ಮಧ್ಯಮಾರ್ಗವೊಂದನ್ನು ಕಂಡುಕೊಂಡರು. ಗೆಣಸನ್ನೋ ಆಲೂಗಡ್ಡೆಯನ್ನೋ ಅಡ್ಡ ಕೊಯ್ದು, ಬರಲಿರುವ ವರ್ಷಕ್ಕೆ ಸಂಕೇತವಾದ ಪ್ರಾಣಿಯನ್ನು, ಹುಲಿಯೋ ಮೊಲವೋ ಸರ್ಪವೋ, ಚಾಕುವಿನಿಂದ ಕೊರೆದು, ಬಣ್ಣ ಸವರಿ ಒತ್ತುವುದು. ಅಕ್ಷರಗಳನ್ನು ಕೊರೆಯುವುದಾದರೆ ತಿರುಗುಮುರುಗಾಗಿ ಕೊರೆಯುವುದು. ಬಳಿಕ ಪ್ರತಿ ಪತ್ರದ ಉಳಿದ ಜಾಗದಲ್ಲಿ ಆಯಾ ವ್ಯಕ್ತಿಗೆ ಸಲ್ಲುವ ಒಂದೆರಡು ಮಾತುಗಳನ್ನು ಕುಂಚದಿಂದ ಬರೆಯುವುದು. ಚಿತ್ರ ಎಲ್ಲರಿಗೂ ಒಂದು, ಮಾತು ಒಬ್ಬೊಬ್ಬರಿಗೆ ಒಂದೊಂದು. 1977ರಲ್ಲಿ ರಿಸೊ ಸಂಸ್ಥೆಯು ಹೊರತಂದ ಪ್ರಿಂಟ್ ಗೊಕ್ಕೊ ಎಂಬ ಪುಟ್ಟ ಯಂತ್ರ ಇದೇ ಪದ್ಧತಿಯನ್ನು ಸುಲಭಗೊಳಿಸಿತು. ಇಂಗಾಲವುಳ್ಳ ಮಸಿಯಿಂದ ಬರೆದ ಚಿತ್ರವನ್ನು ಜಾಲರಿಯ ಕೆಳಗಿಟ್ಟು ಕ್ಷಣಕಾಲ ಪ್ರಖರವಾದ ದೀಪವನ್ನು ಹೊತ್ತಿಸಿದರೆ, ಗೆರೆಗಳಿದ್ದೆಡೆಯಲ್ಲಿ ಶಾಖ ಹೀರಿ ಜಾಲರಿಯ ಲೇಪ ಕರಗುವುದು. ಆ ರಂಧ್ರಗಳ ಮೂಲಕ ಬಣ್ಣವನ್ನೊತ್ತಿ ಹತ್ತಾರು ಪ್ರತಿಗಳನ್ನು ಊಟದ ಮೇಜಿನ ಮೇಲೆಯೇ ತೆಗೆಯಬಹುದಾಗಿತ್ತು. ಗಣಕಯಂತ್ರದ ಮುದ್ರಕಗಳು ಮನೆಗಳಿಗೆ ಬಂದ ಮೇಲೆ, 2008ರಲ್ಲಿ ಅದರ ಮಾರಾಟ ನಿಂತಿತು.

ಆದರೆ ಜಪಾನೀಯರ ಕೊಡುಗೆಗಳಲ್ಲಿ ನನಗೆ ಹೆಚ್ಚು ಮಾನ್ಯವಾಗಿ ತೋರುವುದು, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೊಯಿಕೆ ಕುನಿಯೊ ಎಂಬವರು ಪ್ರಚಾರಗೊಳಿಸಿದ ಎತೆಗಾಮಿ ಎಂಬ ಚಿತ್ರಪತ್ರದ ಪದ್ಧತಿ. ಪೆನ್ಸಿಲಿನಿಂದ ಮೊದಲು ಗುರುತು ಹಾಕಿಕೊಳ್ಳಬಾರದು. ಕುಂಚವನ್ನು ತುದಿಯಲ್ಲಿ, ಸಡಿಲವಾಗಿ, ಲಂಬವಾಗಿ ಹಿಡಿಯಬೇಕು. ಕಣ್ಣೆದುರಿಗಿರುವ ಬದನೆಕಾಯಿಯನ್ನೋ ಬೂರುಗದ ಕಾಯನ್ನೋ ನೋಡುತ್ತ ನಿಧಾನವಾಗಿ ಗೆರೆಯೆಳೆಯಬೇಕು. ಗೆರೆ ನಡುಗಿದರೆ ನಡುಗಲಿ, ವಕ್ರವಾದರೆ ಆಗಲಿ, ಅದನ್ನು ತಿದ್ದದೆ ಕಳುಹಿಸಿಬಿಡಬೇಕು. ಅಕುಶಲತೆಯನ್ನು ಅಲ್ಲಿ ದೋಷವೆಂದು ಗಣಿಸದೆ, ಬರೆದವರ ಸ್ವಭಾವದ ಸಹಜಮುದ್ರೆಯೆಂದು ಗೌರವಿಸುವರು. ಚಿತ್ರ ಬಾರದೆಂದು ಹಿಂಜರಿಯುವ ನಮ್ಮ ಸಹಸ್ರಾರು ಜನರಿಗೆ ಇದಕ್ಕಿಂತ ಧೈರ್ಯ ಕೊಡುವ ದೀಕ್ಷೆ ಇನ್ನಾವುದಿದ್ದೀತು?

ಭಾರತದಲ್ಲಿ ಅಂಚೆಯ ಕಾರ್ಡು ಬಂದುದು 1879ರಲ್ಲಿ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಮುದ್ರಿತ ಶುಭಾಶಯ ಪತ್ರಗಳು ದೀಪಾವಳಿಗೂ ಹೊಸವರ್ಷಕ್ಕೂ ಅಂಗಡಿಗಳ ಮುಂದೆ ದಾರಕ್ಕೆ ತೂಗುತ್ತಿದ್ದವು. ಲಕೋಟೆಯ ಬಾಯನ್ನು ಅಂಟಿಸದೆ ಒಳಕ್ಕೆ ಮಡಿಸಿ, ಮೇಲೆ ಬುಕ್ ಪೋಸ್ಟ್ ಎಂದು ಬರೆದು, ಕಡಮೆ ದರದಲ್ಲಿ ಕಳುಹಿಸುವ ರೂಢಿಯಿತ್ತು. 1979ರಲ್ಲಿ ದೆಹಲಿಯಲ್ಲಿ ಆರ್ಚೀಸ್ ವ್ಯಾಪಾರಸಂಸ್ಥೆಯೂ, ಮುಂಬಯಿಯಲ್ಲಿ ರಿಪ್ಪನ್ ಕಪೂರರಿಂದ ಕ್ರೈ ಎಂಬ ಮಕ್ಕಳ ಹಿತರಕ್ಷಣೆಯ ಸಂಸ್ಥೆಯೂ ಆರಂಭವಾದವು. ಎರಡರ ಕಾರ್ಡುಗಳೂ ಮಧ್ಯಮವರ್ಗದ ಮನೆಗಳಲ್ಲಿ ಒಂದೇ ಕಪಾಟಿನ ಮೇಲೆ ನಿಂತವು. ತಂತಿಯ ಇಲಾಖೆಯವರು ವಿವಾಹ, ಪುತ್ರೋತ್ಸವ, ಪರೀಕ್ಷೆಯ ಉತ್ತೀರ್ಣತೆಗಳಿಗೆ ಸಿದ್ಧವಾದ ವಾಕ್ಯಗಳನ್ನು ರಚಿಸಿ ಒಂದೊಂದಕ್ಕೂ ಸಂಖ್ಯೆ ಕೊಟ್ಟಿದ್ದರು. ಕಳುಹಿಸುವವರು ಸಂಖ್ಯೆಯನ್ನು ಹೇಳಿದರೆ ಸಾಕಾಗುತ್ತಿತ್ತು. 2013ರ ಜುಲೈಯಲ್ಲಿ ತಂತಿಸೇವೆ ಮುಕ್ತಾಯವಾಯಿತು. ಮುದ್ರಿತ ಕಾರ್ಡಿನ ಸ್ಥಾನವನ್ನು ದೂರವಾಣಿಯ ಸಂದೇಶ ಆಕ್ರಮಿಸಿತು. ಹಬ್ಬದ ದಿನ ಒಂದೇ ಚಿತ್ರ ನೂರು ಕಡೆಯಿಂದ ಬರತೊಡಗಿದಾಗ, ಕೈಯಿಂದ ಮಾಡಿದ ಒಂದು ಪತ್ರಕ್ಕೆ ಹಿಂದೆಂದೂ ಇಲ್ಲದ ತೂಕ ಬಂದಿತೆಂದರೆ ಆಶ್ಚರ್ಯವಿಲ್ಲ.

ಇನ್ನು ಸಾಧನಸಾಮಗ್ರಿಗಳ ವಿಚಾರ. ಈ ಕಲೆಯಲ್ಲಿ ಅರ್ಧ ಜಾಣ್ಮೆ ಕಾಗದವನ್ನು ಅರಿಯುವುದರಲ್ಲಿದೆ. ನಾವು ಬರೆಯಲು ಬಳಸುವ ಹಾಳೆ ಚದರ ಮೀಟರಿಗೆ 70ರಿಂದ 80 ಗ್ರಾಂ ತೂಗುವುದು. ಮಡಿಸಿ ನಿಲ್ಲಿಸಬೇಕಾದ ಕಾರ್ಡಿಗೆ 220ರಿಂದ 300 ಗ್ರಾಮಿನ ಹಾಳೆ ಬೇಕು. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ. ಮುದ್ರಣಾಲಯದವರು ಇದನ್ನು ಗ್ರೇನ್ ಎನ್ನುತ್ತಾರೆ. ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲನೆ ಬಾಗಿಸಿ ನೋಡಿದರೆ ಒಂದು ದಿಕ್ಕಿನಲ್ಲಿ ಸುಲಭವಾಗಿ ಬಾಗುವುದು, ಇನ್ನೊಂದರಲ್ಲಿ ಸೆಟೆಯುವುದು. ಸುಲಭವಾಗಿ ಬಾಗಿದ ದಿಕ್ಕಿನಲ್ಲಿಯೇ ಮಡಿಕೆ ಬರತಕ್ಕದ್ದು, ಇಲ್ಲವಾದರೆ ಮಡಿಕೆಯ ಅಂಚು ಬಿರಿದು ಒಳಗಿನ ಬಿಳುಪು ಕಾಣುವುದು. ಮಡಿಸುವ ಮುನ್ನ, ಮಸಿ ತೀರಿದ ಬಾಲ್‌ಪೆನ್ನಿನಿಂದ ಪಟ್ಟಿಯ ಆಸರೆಯಲ್ಲಿ ಒಂದು ಗೀರೆಳೆದು, ಗೀರಿದ ಮೈ ಹೊರಗೆ ಬರುವಂತೆ ಮಡಿಸಿದರೆ, ಅಚ್ಚಿನಲ್ಲಿ ಎರಕ ಹೊಯ್ದಂತೆ ನೇರವಾದ ಮಡಿಕೆ ದೊರೆಯುತ್ತದೆ.

ಕೈಕಾಗದದ ಗುಣವೇ ಬೇರೆ. ಅದರ ನಾರುಗಳು ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುವುದರಿಂದ ಯಾವ ಕಡೆಗೆ ಮಡಿಸಿದರೂ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಸರಿಯಾಗಿ ಗಂಜಿ ಹಾಕದ ಹಾಳೆಯ ಮೇಲೆ ಮಸಿ ಹರಡಿಬಿಡುವುದು. ಜಯಪುರದ ಸಮೀಪದ ಸಾಂಗಾನೇರಿನಲ್ಲಿ ಕಾಗಜಿ ಮನೆತನಗಳವರು ಹತ್ತಿಬಟ್ಟೆಯ ಚಿಂದಿಯಿಂದ ಇಂದಿಗೂ ಕಾಗದವನ್ನು ಮಾಡುತ್ತಿದ್ದಾರೆ. ಗಾಂಧೀಜಿಯವರ ಪ್ರೇರಣೆಯಿಂದ 1934ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಜೆ. ಸಿ. ಕುಮಾರಪ್ಪನವರ ನೇತೃತ್ವದಲ್ಲಿ ಈ ಕಸುಬನ್ನು ಪುನರುಜ್ಜೀವನಗೊಳಿಸಲು ಶ್ರಮಿಸಿತು. ನಮ್ಮ ಖಾದಿ ಭಂಡಾರಗಳಲ್ಲಿ ಇಂದು ದೊರೆಯುವ ಒರಟಂಚಿನ ಹಾಳೆಗಳ ಹಿಂದೆ ಆ ಶ್ರಮವಿದೆ.

ಅಂಟಿನ ವಿಷಯದಲ್ಲಿ ಒಂದೇ ಎಚ್ಚರಿಕೆ ಸಾಕು. ನೀರಿನಂಶ ಕಾಗದವನ್ನು ಹಿಗ್ಗಿಸುತ್ತದೆ. ಒಣಗಿದಾಗ ಅದು ಕುಗ್ಗಿ ಸುಕ್ಕುಗಟ್ಟುತ್ತದೆ. ಆದುದರಿಂದ ಫೆವಿಕಾಲನ್ನು ಧಾರಾಳವಾಗಿ ಸುರಿಯದೆ ತೆಳುವಾಗಿ ಸವರಿ, ಮೇಲೊಂದು ಹಾಳೆಯನ್ನಿಟ್ಟು, ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ ಬಿಡುವುದು ಲೇಸು. ಹಿಂದಿನ ರಟ್ಟುಕಟ್ಟುವವರು ಮೈದಾಹಿಟ್ಟಿನ ಅಂಟಿಗೆ ಹುಳು ಬೀಳದಂತೆ ಮೈಲುತುತ್ತವನ್ನು ಸೇರಿಸುತ್ತಿದ್ದರು; ಅದು ವಿಷವಾದ್ದರಿಂದ ಮಕ್ಕಳು ಕೆಲಸ ಮಾಡುವಲ್ಲಿ ಅದು ಬೇಡ.

ಅಲಂಕಾರಕ್ಕೆ ನಮ್ಮ ಸುತ್ತಮುತ್ತ ಇರುವ ಸಂಪತ್ತನ್ನು ಕಂಡರೆ ಅಂಗಡಿಯ ಪೆಟ್ಟಿಗೆಗಳಿಗೆ ಹಣ ಕೊಡುವ ಅಗತ್ಯವಾದರೂ ಏನೆನಿಸುತ್ತದೆ. ಬಲಿತ ಅರಳಿಯ ಎಲೆಯನ್ನು ನೀರಿನಲ್ಲಿ ನೆನೆಹಾಕಿ, ನಾಲ್ಕಾರು ದಿನಗಳಿಗೊಮ್ಮೆ ನೀರು ಬದಲಿಸುತ್ತ ಬಂದರೆ, ಕೆಲವು ವಾರಗಳಲ್ಲಿ ಹಸುರು ತಿರುಳು ಕೊಳೆತು ಸಡಿಲವಾಗುತ್ತದೆ. ಆಗ ಅದನ್ನು ಹರಿಯುವ ನೀರಿನಡಿ ಅಂಗೈ ಮೇಲೆ ಹರಡಿ, ಮೃದುವಾದ ಕುಂಚದಿಂದ, ತೊಟ್ಟಿನ ಕಡೆಯಿಂದ ತುದಿಯ ಕಡೆಗೆ ನೇವರಿಸಿದರೆ, ತಿರುಳು ತೊಳೆದುಹೋಗಿ ನರಗಳ ಜಾಲವೊಂದೇ ಉಳಿಯುತ್ತದೆ. ಅವಸರಪಟ್ಟರೆ ಎಲೆಯ ನೀಳವಾದ ತುದಿ ಮುರಿಯುವುದು ನಿಶ್ಚಯ. ಆ ತುದಿಯಿಲ್ಲದ ಅರಳಿಯ ಎಲೆಗೆ ಶೋಭೆಯಿಲ್ಲ. ಪುಸ್ತಕದ ಹಾಳೆಗಳ ನಡುವೆ ಒಣಗಿಸಿ, ಗಾಢವಾದ ಬಣ್ಣದ ಕಾರ್ಡಿಗೆ ನಡುನರಕ್ಕೆ ಮಾತ್ರ ಅಂಟು ತಾಗಿಸಿ ಕೂರಿಸಿದರೆ, ಯಾವ ಕಸೂತಿ ಕಾಗದವೂ ಅದಕ್ಕೆ ಸಾಟಿಯಾಗಲಾರದು. ಬೆಂಡೆಕಾಯಿಯನ್ನು ಅಡ್ಡ ಕೊಯ್ದು, ಲೋಳೆಯನ್ನು ಬಟ್ಟೆಯಿಂದೊರಸಿ, ಬಣ್ಣ ತೊಯ್ದ ಅರಿವೆಗೆ ಒತ್ತಿ ಕಾಗದದ ಮೇಲಿಟ್ಟರೆ ಕೋನಕೋನವಾದ ಹೂವು ಮೂಡುತ್ತದೆ. ಮೊದಲ ಗುರುತು ಬಣ್ಣ ಹೆಚ್ಚಾಗಿ ಕದಡಿದರೂ, ಎರಡನೆಯದೂ ಮೂರನೆಯದೂ ಬೀಜದ ಕುಳಿಗಳ ಸಮೇತ ಸ್ಪಷ್ಟವಾಗಿ ಬರುತ್ತವೆ.

ಧಾರವಾಡ ಪ್ರಾಂತದ ಕಸೂತಿಯ ಗವಂತಿ, ಮುರಗಿ ಹೊಲಿಗೆಗಳು ಬಟ್ಟೆಯ ಎಳೆಗಳನ್ನು ಎಣಿಸಿ ಹಾಕತಕ್ಕವಾದ್ದರಿಂದ, ಅವುಗಳ ಗೋಪುರ, ತೇರು, ತುಳಸಿವೃಂದಾವನಗಳನ್ನು ಚೌಕುಳಿ ಕಾಗದದ ಮೇಲೆ ಗುರುತಿಸಿಕೊಂಡು, ಕಾರ್ಡಿನಲ್ಲಿ ಮೊದಲೇ ಸೂಜಿಯಿಂದ ರಂಧ್ರ ಚುಚ್ಚಿ, ಬಣ್ಣದ ದಾರದಿಂದ ಹೊಲಿಯುವುದು ಸುಸಾಧ್ಯ. ಮಲೆನಾಡಿನ ದೀವರ ಸ್ತ್ರೀಯರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನಿಂದ ಬರೆಯುವ ಹಸೆಚಿತ್ತಾರದ ರೇಖಾವಿನ್ಯಾಸಗಳು ಕಾಗದಕ್ಕೂ ಇಳಿದು ಬಂದಿವೆ. ಇವನ್ನು ಅನುಸರಿಸುವ ಹವ್ಯಾಸಿಯು ಅದು ಯಾರ ಕಲೆಯೆಂಬುದನ್ನು ಕಾರ್ಡಿನ ಹಿಂಬದಿಯಲ್ಲಿ ಒಂದು ಸಾಲಿನಲ್ಲಿ ನಮೂದಿಸುವುದು ಋಣಸಂದಾಯದ ಕನಿಷ್ಠ ರೀತಿ.

ತೆರೆದಾಗ ಎದ್ದು ನಿಲ್ಲುವ ಕಾರ್ಡುಗಳು ಮಕ್ಕಳನ್ನೂ ವೃದ್ಧರನ್ನೂ ಸಮವಾಗಿ ಮೋಹಗೊಳಿಸುತ್ತವೆ. ಟೋಕಿಯೋ ತಾಂತ್ರಿಕ ವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಮಸಾಹಿರೊ ಚತಾನಿ 1980ರ ದಶಕದಲ್ಲಿ, ಒಂದೇ ಹಾಳೆಯನ್ನು ಕತ್ತರಿಸಿ ಮಡಿಸಿ, ಒಂದು ಚೂರನ್ನೂ ಅಂಟಿಸದೆ, ಮಹಾಸೌಧಗಳನ್ನು ನಿಲ್ಲಿಸುವ ಪದ್ಧತಿಯನ್ನು ಬೆಳೆಸಿದರು. ಅದರ ಮೊದಲ ಪಾಠ ಅತಿ ಸರಳ: ಮಡಿಸಿದ ಕಾರ್ಡಿನ ಮಡಿಕೆಯ ಕಡೆಯಿಂದ ಸಮಾನಾಂತರವಾಗಿ ಎರಡು ಸಲ ಕತ್ತರಿಸಿ, ನಡುವಣ ಪಟ್ಟಿಯನ್ನು ಒಳಕ್ಕೆ ತಳ್ಳಿದರೆ ಮೆಟ್ಟಿಲಿನಂಥ ಪೀಠವೊಂದು ಏಳುತ್ತದೆ. ಕತ್ತರಿಸಿದ ಉದ್ದ ಪುಟದ ಅಗಲದ ಅರ್ಧವನ್ನು ಮೀರಕೂಡದು. ಮೀರಿದರೆ ಕಾರ್ಡನ್ನು ಮುಚ್ಚಿದಾಗ ಪಟ್ಟಿಯ ಮೂಗು ಹೊರಗೆ ಚಾಚುವುದು. ಈ ಒಂದು ನಿಯಮವನ್ನು ತಾನೇ ಕಂಡುಕೊಂಡ ಮಗುವಿಗೆ ರೇಖಾಗಣಿತ ಆಮೇಲೆ ಭಯ ಹುಟ್ಟಿಸುವುದಿಲ್ಲ.

ಈಗ ವಿವಾದದ ಸ್ಥಳಕ್ಕೆ ಬಂದೆವು. ಪೇಟೆಯಲ್ಲಿ ಸಿದ್ಧಪೆಟ್ಟಿಗೆಗಳು ದೊರೆಯುತ್ತವೆ: ಮೊದಲೇ ಕತ್ತರಿಸಿದ ಹೂಗಳು, ಮೊದಲೇ ಮುದ್ರಿಸಿದ ಹಾರೈಕೆಗಳು, ಅಂಟುಬೆನ್ನಿನ ಮುತ್ತುಗಳು, ಗಣಕಯಂತ್ರದ ಆಜ್ಞೆಯಂತೆ ಕಾಗದವನ್ನು ಕೊರೆಯುವ ಯಂತ್ರಗಳೂ ಇವೆ. ಇವುಗಳಿಂದ ಕೂಡಿಸಿದ ಪತ್ರವನ್ನು ಸ್ವಹಸ್ತದ್ದೆನ್ನಬಹುದೇ? ಯಂತ್ರವೆಂಬ ಕಾರಣಕ್ಕೆ ನಾನು ಅದನ್ನು ನಿರಾಕರಿಸಲಾರೆ. ಕೈನಡುಕವುಳ್ಳ ವೃದ್ಧರಿಗೂ ಕಣ್ಣು ಮಂಜಾದವರಿಗೂ ಕೊರೆಯುವ ಯಂತ್ರ ದೊಡ್ಡ ಉಪಕಾರಿ. ಆದರೆ ಪೆಟ್ಟಿಗೆಯ ಚಿತ್ರದಲ್ಲಿರುವಂತೆಯೇ ಜೋಡಿಸಿದಲ್ಲಿ, ರಚಿಸಿದವನು ನಿರ್ಣಯಿಸಿದುದೇನೂ ಉಳಿಯುವುದಿಲ್ಲ; ಅದು ಹೌಲೆಂಡಳ ಮಹಡಿಯಲ್ಲಿ ಅಂಟು ಸವರುವ ಪಾಲಿನ ಕೆಲಸವಷ್ಟೆ, ಅದೂ ಕೂಲಿಯಿಲ್ಲದೆ. ಇನ್ನೂ ಶೋಚನೀಯವಾದುದು ಸಂಗ್ರಹದ ವ್ಯಾಮೋಹ: ಬಣ್ಣಬಣ್ಣದ ಹಾಳೆಗಳನ್ನೂ ರಬ್ಬರಿನ ಮುದ್ರೆಗಳನ್ನೂ ಕೊಳ್ಳುವುದೇ ಹವ್ಯಾಸವಾಗಿ, ಮಾಡಿದ ಕಾರ್ಡುಗಳು ಯಾರಿಗೂ ಹೋಗದೆ ಪೆಟ್ಟಿಗೆ ತುಂಬಿ ಕುಳಿತಿರುವುದು. ಮಿನುಗುವ ಪುಡಿಯಂತೂ ಬಹುಪಾಲು ಪ್ಲಾಸ್ಟಿಕ್ಕಿನದು. ಅದನ್ನು ಹಚ್ಚಿದ ಕಾಗದ ಮರುಬಳಕೆಗೂ ಸಲ್ಲದು. ಹಳೆಯ ಲಗ್ನಪತ್ರಿಕೆಗಳ ದಪ್ಪಹಾಳೆ, ಅವುಗಳ ಮೇಲಿನ ಉಬ್ಬುಗಣಪತಿ, ಜರಿಯ ದಾರ ಇವನ್ನು ಕತ್ತರಿಸಿ ಉಳಿಸಿಕೊಳ್ಳುವ ನಮ್ಮ ಹೆಂಗಸರ ವಾಡಿಕೆ ಇದಕ್ಕಿಂತ ಎಷ್ಟೋ ವಿವೇಕದ್ದು.

ಮಕ್ಕಳ ಶಾಲೆಗಳಲ್ಲಿ ಈ ಕೆಲಸವನ್ನು ಕಲಿಸುವ ರೀತಿ ಅನೇಕ ಕಡೆ ತೃಪ್ತಿಕರವಾಗಿಲ್ಲ. ಕಪ್ಪುಹಲಗೆಯ ಮೇಲೆ ಬರೆದ ಒಂದೇ ಮಾದರಿಯನ್ನು ಇಡೀ ತರಗತಿ ನಕಲು ಮಾಡುತ್ತದೆ. ಎರಡನೆಯ ಮಹಾಯುದ್ಧದ ಬಳಿಕ ಚೆಕೊಸ್ಲೊವಾಕಿಯದ ಹಳ್ಳಿಯೊಂದರಲ್ಲಿ, ಯೂನಿಸೆಫ್ ಸಂಸ್ಥೆಯಿಂದ ಆಹಾರದ ನೆರವು ಪಡೆದಿದ್ದ ಯಿಟ್ಕಾ ಸಾಂಕೋವಾ ಎಂಬ 7 ವರ್ಷದ ಬಾಲಿಕೆ ಕೃತಜ್ಞತೆಗಾಗಿ, ಕಾಗದ ದೊರೆಯದ ಕಾರಣ ಗಾಜಿನ ಮೇಲೆ, ಕಂಬದ ಸುತ್ತ ಕುಣಿಯುವ ಮಕ್ಕಳ ಚಿತ್ರವನ್ನು ಬರೆದಳು. 1949ರಲ್ಲಿ ಅದೇ ಆ ಸಂಸ್ಥೆಯ ಪ್ರಥಮ ಶುಭಾಶಯ ಪತ್ರವಾಯಿತು. ಆಕೆಗೆ ಹೇಳಬೇಕಾದ ವಿಷಯವಿತ್ತು, ಯಾರಿಗೆ ಹೇಳಬೇಕೆಂಬುದೂ ತಿಳಿದಿತ್ತು. ಸಾಮಗ್ರಿಯ ಅಭಾವ ಅಡ್ಡಿಯಾಗಲಿಲ್ಲ. ಆಯುಷ್ಯದ ಇನ್ನೊಂದು ತುದಿಯಲ್ಲಿ ಇಂಗ್ಲೆಂಡಿನ ಮೇರಿ ಡೆಲನಿ ನೆನಪಾಗುತ್ತಾಳೆ. ವಿಧವೆಯಾಗಿದ್ದ ಆಕೆ 72ನೆಯ ವಯಸ್ಸಿನಲ್ಲಿ ಬಣ್ಣದ ಕಾಗದವನ್ನು ಕತ್ತರಿಸಿ, ಕಪ್ಪು ಹಿನ್ನೆಲೆಯ ಮೇಲೆ ದಳದಳವಾಗಿ ಅಂಟಿಸಿ ಹೂಗಳನ್ನು ರಚಿಸತೊಡಗಿ, ದೃಷ್ಟಿ ಕುಂದುವ ತನಕ ಹತ್ತು ವರ್ಷಗಳಲ್ಲಿ ಸಾವಿರದ ಸಮೀಪ ಮುಟ್ಟಿದಳು. ಅವು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅವು ಪತ್ರಗಳಲ್ಲವಾದರೂ, ಕಾಗದದ ಕೆಲಸಕ್ಕೆ ವಯಸ್ಸು ಮೀರಿತೆಂಬ ಮಾತಿಗೆ ಅವುಗಳ ಮುಂದೆ ಎಡೆಯಿಲ್ಲ.

ಒಳಪುಟದ ಬರಹದ ಬಗ್ಗೆ ಹವ್ಯಾಸಿಗಳು ತೋರುವ ಉದಾಸೀನ ನನ್ನನ್ನು ನೋಯಿಸುತ್ತದೆ. ಹೊರಗೆ ದಿನವಿಡೀ ದುಡಿದು ಒಳಗೆ ಮುದ್ರಿತವಾದ ಪರಭಾಷೆಯ ಹಾರೈಕೆಯನ್ನು ಅಂಟಿಸಿದರೆ ಆ ದುಡಿಮೆ ಬಾಗಿಲಲ್ಲಿಯೇ ನಿಂತಿತು. ಕನ್ನಡದ ದುಂಡಗಿನ ಅಕ್ಷರಗಳು ಸ್ವತಃ ಅಲಂಕಾರಗಳೇ ಆಗಿವೆ. ಕೈಬರಹ ಚೆನ್ನಾಗಿಲ್ಲವೆಂಬ ಸಂಕೋಚ ಬೇಡ. ಪರಿಚಿತರ ಬರಹ ಕಂಡೊಡನೆ ಅವರ ದನಿ ಕೇಳಿಸುತ್ತದೆ. ಸರ್ವರಿಗೂ ಸಲ್ಲುವ ಆಯುರಾರೋಗ್ಯೈಶ್ವರ್ಯಗಳ ಹಾರೈಕೆಯ ಕೆಳಗೆ, ಆ ಒಬ್ಬರಿಗೇ ಸಲ್ಲುವ ಒಂದು ವಾಕ್ಯ, ಅವರ ತೋಟದ ಮಾವು ಹೂಬಿಟ್ಟಿತೇ ಎಂಬಷ್ಟಾದರೂ ಇರಲಿ.

ಕಳುಹಿಸುವ ಮುನ್ನ ತೂಕವನ್ನು ಗಣಿಸತಕ್ಕದ್ದು. 250 ಗ್ರಾಮಿನ ದಪ್ಪದ ಎ4 ಹಾಳೆ ಸುಮಾರು 15.6 ಗ್ರಾಂ ತೂಗುವುದು. ಅದನ್ನು ಇಡಿಯಾಗಿ ಮಡಿಸಿ ದೊಡ್ಡ ಲಕೋಟೆಗೆ ಹಾಕಿದರೆ ಸಾಮಾನ್ಯ ಪತ್ರದ ಮೊದಲ ದರಕ್ಕೆ ಸಲ್ಲುವ 20 ಗ್ರಾಂ ಮೀರುವ ಸಂಭವವೇ ಹೆಚ್ಚು. ಅದೇ ಹಾಳೆಯನ್ನು ಎರಡಾಗಿ ಕತ್ತರಿಸಿ ಮಡಿಸಿದರೆ 105 × 148 ಮಿಲಿಮೀಟರಿನ ಎರಡು ಕಾರ್ಡುಗಳಾಗಿ, ಒಂದೊಂದೂ 8 ಗ್ರಾಮಿನೊಳಗಿದ್ದು, 114 × 162 ಮಿಲಿಮೀಟರಿನ ಲಕೋಟೆಯಲ್ಲಿ ಹಿತವಾಗಿ ಕೂರುತ್ತವೆ. ಗುಂಡಿ, ಮಣಿಗಳಂಥ ಉಬ್ಬಿದ ವಸ್ತುಗಳು ಅಂಚೆಯ ಮುದ್ರೆಯ ಏಟಿಗೆ ಸಿಕ್ಕಿ ಲಕೋಟೆಯನ್ನು ಹರಿಯುವುದರಿಂದ, ಅಂಥವನ್ನು ಕೈಯಲ್ಲಿ ಕೊಡುವ ಪತ್ರಗಳಿಗೆ ಮೀಸಲಿಡಬೇಕು.

ಕೊನೆಯದಾಗಿ, ಇವುಗಳ ಉಳಿವಿನ ಪ್ರಶ್ನೆ. ಬ್ರಿಟನ್ನಿನ ರಾಣಿ ಮೇರಿಯು ಜೋಡಿಸಿದ ಕ್ರಿಸ್ಮಸ್ ಪತ್ರಗಳ ಸಂಪುಟಗಳು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿಯೂ, ಲಾರಾ ಸೆಡ್ಡನ್ ಎಂಬಾಕೆಯ ಬೃಹತ್ ಸಂಗ್ರಹ ಮ್ಯಾಂಚೆಸ್ಟರಿನ ವಿಶ್ವವಿದ್ಯಾಲಯವೊಂದರಲ್ಲಿಯೂ ರಕ್ಷಿತವಾಗಿವೆ; ಇಂಥ ಸಂಗ್ರಹಗಳ ಬಹುಭಾಗ ಮುದ್ರಿತ ಪತ್ರಗಳೇ. ಒಂದೇ ಪ್ರತಿಯಾಗಿ ಹುಟ್ಟಿದ ಪತ್ರಕ್ಕೆ ಪಡೆದವನ ಪೆಟ್ಟಿಗೆಯೇ ವಸ್ತುಸಂಗ್ರಹಾಲಯ, ಅವನ ಮರೆವೇ ಅದರ ಅಂತ್ಯ. ಎಷ್ಟೋ ಮನೆಗಳಲ್ಲಿ ಹಳೆಯ ಟ್ರಂಕಿನಿಂದ ಹೊರಬರುವ ಸುಂದರವಾದ ಚಿತ್ರಪತ್ರಗಳನ್ನು ಕಂಡಾಗ, ಬರೆದವರಾರು, ಯಾವ ವರ್ಷ, ಯಾವ ಸಂದರ್ಭ ಎಂಬುದನ್ನು ಹೇಳಬಲ್ಲವರು ಯಾರೂ ಇರುವುದಿಲ್ಲ. ಲಕೋಟೆಯೋ ಎಂದೋ ಹೋಗಿರುತ್ತದೆ. ಆದುದರಿಂದ ಪತ್ರದ ಹಿಂಬದಿಯ ಕೆಳಮೂಲೆಯಲ್ಲಿ ಪೆನ್ಸಿಲಿನಿಂದ, ಮಸಿ ಮಾಸಿದರೂ ಅದು ಮಾಸದಾದ್ದರಿಂದ, ರಚಿಸಿದವರ ಪೂರ್ಣನಾಮ, ಪಡೆಯುವವರ ಹೆಸರು, ಊರು, ತಾರೀಖುಗಳನ್ನು ಬರೆದು ಲಕೋಟೆಗೆ ಸೇರಿಸುವುದನ್ನು ಪ್ರತಿಯೊಬ್ಬ ಹವ್ಯಾಸಿಯೂ ರೂಢಿಸಿಕೊಳ್ಳತಕ್ಕದ್ದು.